ನೀಲಾಂಜನೆಯ ನಂತರ ಕುಣಿದವಳು

ಯೇಸುವಿನ ಶಿಷ್ಯ ತೋಮನಿಗೆ ಮದುವೆ ಗೊತ್ತಾಗಿದ್ದ ಹುಡುಗಿಯೊಬ್ಬಳಿದ್ದಳೆಂದು ನಾಲ್ಕು ಸುವಾರ್ತೆಗಳಲ್ಲಿ ಎಲ್ಲೂ ಇಲ್ಲ. ಅವಳ ಹೆಸರು ರಾಮಾ ಎಂದಾಗಲಿ, ಗದ್ದಲದ ನಡುವೆ ರೋಮನ್ ಅಧಿಕಾರಿಯೊಬ್ಬ ಅವಳನ್ನು ಕತ್ತಿಯಿಂದ ತಿವಿದನೆಂದಾಗಲಿ, ಯೇಸು ಅಲ್ಲೇ ಇದ್ದೂ ಅವಳನ್ನು ಬದುಕಿಸಲಿಲ್ಲವೆಂದಾಗಲಿ ಯಾವ ಸುವಾರ್ತಿಕನೂ ಬರೆದಿಲ್ಲ. ಇದಿಷ್ಟೂ ‘ದಿ ಚೋಸನ್’ ಎಂಬ ಅಮೆರಿಕದ ಧಾರಾವಾಹಿಯ ಬರಹಗಾರರು ಕಟ್ಟಿದ್ದು. ಅದರ ನಾಲ್ಕನೆಯ ಸೀಸನ್ನಿನಲ್ಲಿ, 2024ರಲ್ಲಿ ಬಂತು.

ಅದನ್ನು ನೋಡಿದ ರಾತ್ರಿ ನನಗೆ ಬಂದ ಸಿಟ್ಟು ಸಣ್ಣದಲ್ಲ. ನಾಸಿಕದ ನಮ್ಮ ಸಭೆಯ ಸ್ತ್ರೀಯರ ಕೂಟದಲ್ಲಿ ಈ ವಿಷಯ ಎದ್ದಾಗ ಎಲ್ಲರಿಗಿಂತ ಖಾರವಾಗಿ ಮಾತಾಡಿದವಳು ನಾನು. ದೇವರ ವಾಕ್ಯಕ್ಕೆ ಏನನ್ನೂ ಕೂಡಿಸಬಾರದೆಂದು ಧರ್ಮೋಪದೇಶಕಾಂಡದಲ್ಲಿದೆ, ಪ್ರಕಟನೆಯ ಕೊನೆಯ ಅಧ್ಯಾಯದಲ್ಲಿದೆ ಎಂದು ವಚನದ ಸಂಖ್ಯೆ ಸಮೇತ ಹೇಳಿದೆ. ಯಾರೂ ಎದುರಾಡಲಿಲ್ಲ. ಮನೆಗೆ ನಡೆದು ಬರುವಾಗ ಮಾತ್ರ ಒಂದು ಪ್ರಶ್ನೆ ಬೆನ್ನು ಬಿಡಲಿಲ್ಲ. ಇದೇ ಧಾರಾವಾಹಿಯಲ್ಲಿ ಪೇತ್ರನ ಹೆಂಡತಿಗೆ ಈಡನ್ ಎಂದು ಹೆಸರಿಟ್ಟಾಗ, ಅವಳಿಗೆ ಗರ್ಭಪಾತವಾದ ಕಥೆ ಹೆಣೆದಾಗ ನನಗೇಕೆ ಸಿಟ್ಟು ಬರಲಿಲ್ಲ? ಮಾರ್ಕನ ಸುವಾರ್ತೆಯಲ್ಲಿ ಪೇತ್ರನ ಅತ್ತೆಗೆ ಜ್ವರ ಬಂದ ಸಂಗತಿ ಇದೆ, ಹೆಂಡತಿಯ ಹೆಸರಿಲ್ಲ. ಸುಂಕದ ಮತ್ತಾಯನನ್ನು ಆಟಿಸಂ ಇರುವ ತರುಣನಂತೆ ತೋರಿಸಿದ್ದಕ್ಕೂ ಆಧಾರವಿಲ್ಲ. ಅದನ್ನು ನಾನು ಮೆಚ್ಚಿ ನಾಲ್ಕು ಜನರಿಗೆ ಹೇಳಿದ್ದೆ. ಕೂಡಿಸಬಾರದೆಂಬ ನಿಯಮ ನಿಜವಾಗಿ ನನ್ನದಾಗಿದ್ದರೆ ಅದು ಈಡನ್‌ಗೂ ರಾಮಾಳಿಗೂ ಒಂದೇ ಆಗಿರಬೇಕಿತ್ತಲ್ಲ?

ಮೇಲಾಗಿ ನಾನೇ ಕೂಡಿಸುವವಳು. ಸಂಡೇ ಸ್ಕೂಲಿನ ಮಕ್ಕಳಿಂದ ಕ್ರಿಸ್ಮಸ್ ನಾಟಕ ಮಾಡಿಸುತ್ತೇನೆ, ಮರಾಠಿಯಲ್ಲಿ ಮಾತು ಬರೆಯುತ್ತೇನೆ. ನನ್ನ ನಾಟಕದಲ್ಲಿ ಛತ್ರದ ಯಜಮಾನ ಜಾಗವಿಲ್ಲವೆಂದು ಬಾಗಿಲು ಹಾಕಿಕೊಳ್ಳುತ್ತಾನೆ. ಅವನ ಹೆಂಡತಿ ಹಿತ್ತಲ ಬಾಗಿಲಿಂದ ಬಂದು ಮರಿಯಳಿಗೆ ಕೊಟ್ಟಿಗೆ ತೋರಿಸುತ್ತಾಳೆ. ಲೂಕನಲ್ಲಿ ಛತ್ರದಲ್ಲಿ ಸ್ಥಳವಿರಲಿಲ್ಲ ಎಂಬಷ್ಟೇ ಇದೆ. ಯಜಮಾನನಿಲ್ಲ, ಅವನ ಹೆಂಡತಿಯಿಲ್ಲ, ಕತ್ತೆಯಿಲ್ಲ, ಎತ್ತಿಲ್ಲ. ಮೂಡಣದಿಂದ ಬಂದ ಜೋಯಿಸರು ಮೂವರೆಂದು ಮತ್ತಾಯ ಹೇಳುವುದಿಲ್ಲ, ರಾಜರೆಂದಂತೂ ಹೇಳುವುದೇ ಇಲ್ಲ. ಕುರುಬರು ಬರುವುದು ಲೂಕನಲ್ಲಿ, ಜೋಯಿಸರು ಬರುವುದು ಮತ್ತಾಯನಲ್ಲಿ. ಇಬ್ಬರನ್ನೂ ಒಂದೇ ಗೋದಲಿಯ ಎದುರು ಮೊಣಕಾಲೂರಿಸಿದವರು ನನ್ನಂಥ ನಾಟಕ ಮಾಡಿಸುವವರು, ಚಿತ್ರ ಬರೆಯುವವರು. ಛತ್ರದ ಹೆಂಗಸಿನ ಪಾತ್ರ ನನಗೆ ಬಹಳ ಇಷ್ಟ. ಪ್ರತಿ ವರ್ಷ ಅವಳಿಗೆ ಒಂದೆರಡು ಮಾತು ಹೆಚ್ಚಾಗುತ್ತದೆ. ಅದನ್ನು ಬರೆಯುವಾಗ ಪ್ರಕಟನೆಯ ಕೊನೆಯ ಅಧ್ಯಾಯ ನನಗೆ ನೆನಪಾದದ್ದಿಲ್ಲ.

ನಾಸಿಕದಲ್ಲಿದ್ದುಕೊಂಡು ಈ ವಿಷಯ ಯೋಚಿಸಲು ಕೂತರೆ ದಾದಾಸಾಹೇಬ ಫಾಳಕೆ ಎದುರಾಗದೆ ಇರುವುದಿಲ್ಲ. ಅವರು ಹುಟ್ಟಿದ್ದು ಇಲ್ಲೇ ತ್ರ್ಯಂಬಕೇಶ್ವರದಲ್ಲಿ, 1870ರಲ್ಲಿ. ಮುಂಬಯಿಯ ಒಂದು ತಂಬುವಿನಲ್ಲಿ ಅವರು ಕ್ರಿಸ್ತನ ಜೀವನದ ವಿದೇಶಿ ಮೂಕಿಚಿತ್ರ ನೋಡಿದರು. ಪರದೆಯ ಮೇಲೆ ಕ್ರಿಸ್ತ ನಡೆದಾಡುತ್ತಿದ್ದಾಗ ತಮ್ಮ ಒಳಗಣ್ಣಿಗೆ ಕೃಷ್ಣ, ರಾಮ, ಗೋಕುಲ, ಅಯೋಧ್ಯೆ ಕಾಣುತ್ತಿದ್ದವೆಂದು ಮುಂದೆ 1917ರಲ್ಲಿ ‘ನವಯುಗ’ ಎಂಬ ಮರಾಠಿ ಪತ್ರಿಕೆಯಲ್ಲಿ ಬರೆದುಕೊಂಡರು. ಆ ನೋಟದಿಂದ 1913ರ ‘ರಾಜಾ ಹರಿಶ್ಚಂದ್ರ’ ಬಂತು. ಆಮೇಲೆ ಅವರು ಕೆಲಸವನ್ನು ನಾಸಿಕಕ್ಕೆ ತಂದರು. 1917ರ ‘ಲಂಕಾ ದಹನ’ದಲ್ಲಿ ಸಾಳುಂಕೆ ಎಂಬ ಒಬ್ಬನೇ ನಟ ರಾಮನೂ ಆದ, ಸೀತೆಯೂ ಆದ. 1919ರ ‘ಕಾಲಿಯಾ ಮರ್ದನ’ದಲ್ಲಿ ಫಾಳಕೆಯವರ ಪುಟ್ಟ ಮಗಳು ಮಂದಾಕಿನಿ ಬಾಲಕೃಷ್ಣನಾದಳು. 1944ರಲ್ಲಿ ಫಾಳಕೆ ತೀರಿಕೊಂಡದ್ದೂ ಇಲ್ಲೇ. ಪಾಂಡವಲೇಣಿಯ ಬೆಟ್ಟದ ಬುಡದಲ್ಲಿ ಅವರ ಸ್ಮಾರಕವಿದೆ. ಸಂಡೇ ಸ್ಕೂಲಿನ ಮಕ್ಕಳನ್ನು ಪಿಕ್‌ನಿಕ್‌ಗೆ ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ.

ನನ್ನನ್ನು ತಡೆದು ನಿಲ್ಲಿಸುವುದು ಅವರು ನೋಡಿದ ಆ ಮೊದಲ ಚಿತ್ರ. ಆ ಕಾಲದ ಕ್ರಿಸ್ತಚಿತ್ರಗಳು ಯುರೋಪಿನ ವರ್ಣಚಿತ್ರಗಳ ಭಂಗಿಗಳನ್ನು ಒಂದೊಂದಾಗಿ ರಂಗದ ಮೇಲೆ ನಿಲ್ಲಿಸಿದಂಥವು. ಅವುಗಳಲ್ಲಿ ವೆರೋನಿಕಾ ಎಂಬ ಹೆಂಗಸು ಶಿಲುಬೆ ಹೊತ್ತವನ ಮುಖವನ್ನು ಬಟ್ಟೆಯಿಂದ ಒರೆಸುತ್ತಾಳೆ. ಕಥೋಲಿಕರ ಶಿಲುಬೆ ಹಾದಿಯಲ್ಲಿ ಆರನೆಯ ನಿಲುಗಡೆಯೇ ಅವಳದು. ಸುವಾರ್ತೆಗಳಲ್ಲಿ ಅವಳಿಲ್ಲ. ಅಂದರೆ ಭಾರತದ ಸಿನಿಮಾಕ್ಕೆ ಕಿಡಿ ತಗುಲಿದ್ದೇ ಬೈಬಲಿನಷ್ಟೇ ನಮ್ಮ ಕಲ್ಪನೆಯೂ ಬೆರೆತ ಒಂದು ಚಿತ್ರದಿಂದ. ಭಕ್ತಿಯೂ ಪರದೆಯೂ ಬೇರೆ ಬೇರೆ ಇರಲಿ ಎನ್ನುವ ಮಾತು ಈ ಊರಿನಲ್ಲಿ ನಿಲ್ಲುವುದಿಲ್ಲ.

ಹುಟ್ಟಿನಿಂದ ನಾನು ಈ ಊರಿನವಳಲ್ಲ, ಧಾರವಾಡದವಳು, ಬಾಸೆಲ್ ಮಿಶನ್ ಸಭೆಯ ಮನೆತನ. ಅಪ್ಪ ಕನ್ನಡ ಮಾಸ್ತರರಾಗಿದ್ದರು. ಬೆಳಿಗ್ಗೆ ಸತ್ಯವೇದ, ರಾತ್ರಿ ಪಂಪ. ಎರಡನ್ನೂ ಗಟ್ಟಿಯಾಗಿಯೇ ಓದುತ್ತಿದ್ದರು. ನನ್ನ ಗಂಡನ ಮನೆ ಆಗ ಔರಂಗಾಬಾದ್ ಎನಿಸಿಕೊಂಡಿದ್ದ ಊರಿನಲ್ಲಿ. 2023ರಿಂದ ಅದು ಛತ್ರಪತಿ ಸಂಭಾಜಿನಗರ. ಮದುವೆಯಾದ ಹೊಸದರಲ್ಲಿ ಅಪ್ಪ ಬಂದಾಗ ವೇರೂಳಕ್ಕೆ ಹೋಗಿದ್ದೆವು, ನಾವು ಎಲ್ಲೋರ ಎನ್ನುವ ಊರಿಗೆ. ಹದಿನಾರನೆಯ ಗುಹೆ, ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ ಕೈಲಾಸ. ರಾವಣ ಬೆಟ್ಟ ಅಲುಗಿಸುತ್ತಿರುವ ಶಿಲ್ಪದ ಎದುರು ಅಪ್ಪ ಬಹಳ ಹೊತ್ತು ನಿಂತರು. “ಕವಿರಾಜಮಾರ್ಗದಾಗ ಕನ್ನಡ ನಾಡು ಗೋದಾವರಿ ತನಕ ಅಂತ ಹೇಳ್ಯಾರ. ನೀ ಏನೂ ಪರದೇಶಕ್ಕ ಬಂದಿಲ್ಲ ಬಿಡವ್ವಾ” ಅಂದರು. ಇಲ್ಲಿನ ವಿಚಾರಕ್ಕೆ ಬೇಕಾದ ಮಾತು ಅವರು ಆಡಿದ್ದು ಅಲ್ಲೇ ಮೆಟ್ಟಿಲ ಮೇಲೆ ಕೂತಾಗ. ವ್ಯಾಸರಲ್ಲಿ ದ್ರೌಪದಿ ಐವರ ಹೆಂಡತಿ. ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ಅರ್ಜುನನೊಬ್ಬನ ಹೆಂಡತಿ. ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಲ್ಲಿ ಕಾಣಿಸಬೇಕಿತ್ತು, ಅದಕ್ಕೆ ಕಥೆಯನ್ನೇ ತಿರುಗಿಸಿದ. ಅದೇ ಪಂಪ ಆದಿಪುರಾಣಕ್ಕೆ ಬಂದಾಗ ಜಿನಸೇನರ ಪೂರ್ವಪುರಾಣದ ಜಾಡು ಬಿಡಲಿಲ್ಲ. ಒಂದು ಲೌಕಿಕ, ಇನ್ನೊಂದು ಆಗಮಿಕ ಎಂದು ಬೇರೆ ಮಾಡಿ ಇಟ್ಟವನು ಅವನೇ. “ಒಬ್ಬನ ಕೈ. ಒಂದ ಕಡೆ ಬಿಟ್ಟಾನ, ಒಂದ ಕಡೆ ಹಿಡದಾನ” ಎಂದರು ಅಪ್ಪ.

ಈ ಮಾತನ್ನು ನಾನು ಬಹಳ ಕಾಲ ನನ್ನ ಪರವಾಗಿಯೇ ಬಳಸಿಕೊಂಡೆ. ಸತ್ಯವೇದ ನಮಗೆ ಆಗಮ, ಅದರ ಮೇಲೆ ಕೈ ಬಿಡುವ ಹಾಗಿಲ್ಲ ಎಂದು ವಾದಿಸಲು ಇದಕ್ಕಿಂತ ಒಳ್ಳೆಯ ಆಧಾರ ಕನ್ನಡದವಳಿಗೆ ಎಲ್ಲಿ ಸಿಕ್ಕೀತು? ಆದರೆ ಆದಿಪುರಾಣದಲ್ಲಿ ಜನರ ನೆನಪಿನಲ್ಲಿ ಉಳಿದದ್ದು ಯಾವುದು? ನೀಲಾಂಜನೆಯ ನೃತ್ಯ. ಜಿನಸೇನರಲ್ಲಿ ಚಿಕ್ಕದಾಗಿದ್ದ ಪ್ರಸಂಗವನ್ನು ಪಂಪ ಹಿಗ್ಗಿಸಿ ಹಿಗ್ಗಿಸಿ ಕಾವ್ಯದ ಎದೆಯಾಗಿ ಮಾಡಿದ. ಹಿಡಿದ ಕೈಯಲ್ಲೂ ಕವಿಯ ಕೈಚಳಕ ಇದ್ದೇ ಇತ್ತು. ಆ ಪ್ರಸಂಗ ಹೀಗಿದೆ: ಆದಿದೇವನಿಗೆ ವೈರಾಗ್ಯದ ಹೊತ್ತು ಬಂತೆಂದು ತಿಳಿದ ಇಂದ್ರ, ಆಯುಷ್ಯ ಮುಗಿಯುತ್ತ ಬಂದ ನೀಲಾಂಜನೆಯನ್ನು ಆಸ್ಥಾನದಲ್ಲಿ ಕುಣಿಯಲು ಕಳಿಸುತ್ತಾನೆ. ಕುಣಿಯುತ್ತಿರುವಾಗಲೇ ಅವಳು ಇಲ್ಲವಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರ ಆ ಕ್ಷಣವೇ ಅವಳಂಥದೇ ಇನ್ನೊಂದು ರೂಪವನ್ನು ಅಲ್ಲಿ ನಿಲ್ಲಿಸುತ್ತಾನೆ. ಕುಣಿತ ನಿಲ್ಲುವುದಿಲ್ಲ. ಸಭೆಗೆ ಗೊತ್ತಾಗುವುದೇ ಇಲ್ಲ. ಆದಿದೇವನೊಬ್ಬನಿಗೆ ಗೊತ್ತಾಗುತ್ತದೆ.

ಆದಿದೇವ ಇಂದ್ರನನ್ನು ಬೈಯಲಿಲ್ಲ. ಬದಲಿ ರೂಪವನ್ನು ಸಭೆಯಿಂದ ಓಡಿಸಲೂ ಇಲ್ಲ. ಅವನಿಗೆ ಕಂಡಿತು, ಅಷ್ಟೆ. ಕಂಡದ್ದರಿಂದ ಅವನ ಬದುಕು ಬೇರೆಯಾಯಿತು. ನನ್ನ ಸಿಟ್ಟಿನ ಜೊತೆ ಕೂತಾಗ ಈ ಪ್ರಸಂಗ ನನ್ನನ್ನೇ ಕೇಳತೊಡಗಿತು: ನಿನಗೆ ಕಾಣುತ್ತಿದೆಯೇ?

ಕಾಣುತ್ತಿರಲಿಲ್ಲ. ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತರೆ ನನಗೆ ಈಗ ಬರುವ ಮುಖ ಜೊನಾಥನ್ ರೂಮಿಯದು, ‘ದಿ ಚೋಸನ್’ನಲ್ಲಿ ಯೇಸುವಾದ ನಟನದು. ಅದರ ಜೊತೆಗೆ ಬರುವ ದನಿ ಹಿಂದಿ ಡಬ್ಬಿಂಗಿನ ಯಾರೋ ಕಲಾವಿದನದು. ಅದಕ್ಕೂ ಮೊದಲು ಬರುತ್ತಿದ್ದದ್ದು ಬ್ರಯನ್ ಡೀಕನ್‌ನ ಮುಖ. 1979ರ ‘ಜೀಸಸ್’ ಚಿತ್ರದ ನಟ ಅವನು. ಲೂಕನ ಸುವಾರ್ತೆಯನ್ನೇ ಹಿಡಿದು ಮಾಡಿದ ಆ ಚಿತ್ರ ಲೋಕದ ನೂರಾರು ಭಾಷೆಗಳಿಗೆ ಹೋಯಿತು. ಧಾರವಾಡದ ಚರ್ಚಿನ ಅಂಗಳದಲ್ಲಿ ಬಿಳಿ ಪರದೆ ಕಟ್ಟಿ ಕನ್ನಡದಲ್ಲಿ ತೋರಿಸಿದಾಗ ನಾನು ಅವ್ವನ ತೊಡೆಯ ಮೇಲಿದ್ದೆ. ಅದಕ್ಕೂ ಮೊದಲಿನದು ಕ್ಯಾಲೆಂಡರಿನ ಯೇಸು. ಒಂದು ರೂಪದ ಜಾಗದಲ್ಲಿ ಇನ್ನೊಂದು ಬಂದು ನಿಂತಿತು, ನನ್ನ ಭಕ್ತಿಯ ಕುಣಿತ ಎಲ್ಲೂ ತಪ್ಪಲಿಲ್ಲ, ನನಗೆ ಗೊತ್ತೂ ಆಗಲಿಲ್ಲ. ಮುಖದ ಮಾತು ಬಿಡಿ. ಮತ್ತಾಯನ ಐದನೆಯ ಅಧ್ಯಾಯ, ಬೆಟ್ಟದ ಮೇಲಿನ ಉಪದೇಶ ಓದುವಾಗ ಈಗ ನನಗೆ ಕಾಣುವುದು ಹಿಂದಿನ ರಾತ್ರಿ ಮತ್ತಾಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಪದೇಶದ ಮಾತುಗಳನ್ನು ತಿದ್ದಿಕೊಳ್ಳುತ್ತಿರುವ ಯೇಸು. ಅದು ಎರಡನೆಯ ಸೀಸನ್ನಿನ ಕಲ್ಪನೆ. ಪುಟದ ಮೇಲಿಲ್ಲದ ದೃಶ್ಯ ಪುಟದಿಂದಲೇ ಎದ್ದು ಬರುವ ಹಾಗೆ ಬರುತ್ತದೆ. ಓದು ನಿಲ್ಲಿಸಿ, ಬೆರಳಿಟ್ಟು, ಇದು ಇಲ್ಲಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳಬೇಕಾಗುತ್ತದೆ.

ಬೇರೆಯವರಲ್ಲಿ ಇದು ಆದಾಗ ಮಾತ್ರ ನನಗೆ ತಕ್ಷಣ ಕಂಡಿತ್ತು. 2020ರ ಡಿಸೆಂಬರಿನಲ್ಲಿ ಆ್ಯಂಡ್ ಟಿವಿಯಲ್ಲಿ ‘ಯೇಶು’ ಎಂಬ ಹಿಂದಿ ಧಾರಾವಾಹಿ ಶುರುವಾಯಿತು. ಯೇಸುವಿನ ಬಾಲ್ಯವೇ ಅದರ ಕಥೆ. ಸುವಾರ್ತೆಗಳಲ್ಲಿ ಆ ಬಾಲ್ಯಕ್ಕೆ ಸಿಗುವುದು ಹುಟ್ಟು, ಐಗುಪ್ತದ ಪ್ರಯಾಣ, ಹನ್ನೆರಡರ ವಯಸ್ಸಿನಲ್ಲಿ ಯೆರೂಸಲೇಮಿನ ದೇವಾಲಯದಲ್ಲಿ ಕಳೆದುಹೋಗಿ ಸಿಕ್ಕಿದ್ದು, ಹೆಚ್ಚುಕಡಿಮೆ ಇಷ್ಟೇ. ಹಾಗಾಗಿ ಧಾರಾವಾಹಿಯ ಕಂತುಗಳಲ್ಲಿ ಮುಕ್ಕಾಲು ಪಾಲು ಕಟ್ಟಿದ್ದೇ. ಸೈತಾನ ಮಗುವಿನ ಬೆನ್ನು ಹತ್ತುತ್ತಾನೆ, ಮಗು ಬೇರೆಯವರ ನೋವನ್ನು ತನ್ನ ಮೈಮೇಲೆ ತೆಗೆದುಕೊಳ್ಳುತ್ತದೆ. ಸಂಭಾಜಿನಗರದ ಮನೆಯಲ್ಲಿ ನನ್ನ ಅತ್ತೆ, ನಾವೆಲ್ಲ ಆಯಿ ಎನ್ನುವವರು, ಅದನ್ನು ಒಂದು ದಿನ ತಪ್ಪಿಸಲಿಲ್ಲ. ಆಯಿ ನಮ್ಮ ಹಾಗೆ ಪ್ರೊಟೆಸ್ಟಂಟರೇ. ಆದರೂ ಫೆಬ್ರವರಿಯಲ್ಲಿ ನಾಸಿಕ್ ರೋಡಿನ ಬಾಲಯೇಶು ಯಾತ್ರೆಗೆ ವೈಜಾಪುರ, ಯೇವಲಾ ದಾಟಿ ಎಸ್‌ಟಿ ಬಸ್ಸಿನಲ್ಲಿ ಬಂದೇ ಬರುತ್ತಾರೆ. ಕಥೋಲಿಕರು, ನಾವು, ಹಿಂದೂಗಳು ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುವ ಯಾತ್ರೆ ಅದು. ಬೆಂಗಳೂರಿನ ವಿವೇಕನಗರದ ಬಾಲಯೇಸುವಿನ ಗುಡಿಗೆ ಗುರುವಾರ ಹೋದವರಿಗೆ ಆ ಜನಸಂದಣಿಯ ಅಂದಾಜು ಇರುತ್ತದೆ. ಬಾಲಕೃಷ್ಣನ ಕಥೆ ಹೇಳಿ ಮಗು ಮಲಗಿಸುವ ನಾಡಿನಲ್ಲಿ ಹುಟ್ಟಿದ ಹೆಂಗಸಿಗೆ ಯೇಸುವಿನ ಬಾಲ್ಯ ಎರಡು ಅಧ್ಯಾಯದಲ್ಲಿ ಮುಗಿದುಹೋಗುವುದು ಸಾಕಾಗದಿದ್ದರೆ ಆಶ್ಚರ್ಯವೇನಿಲ್ಲ. ಈ ಹಸಿವು ಹೊಸದೂ ಅಲ್ಲ. ಎರಡನೆಯ ಶತಮಾನದಷ್ಟು ಹಿಂದೆಯೇ ತೋಮನ ಹೆಸರಿನಲ್ಲಿ ಒಂದು ಬಾಲ್ಯಕಥೆಯ ಪುಸ್ತಕವಿತ್ತು. ಅದರಲ್ಲಿ ಬಾಲಯೇಸು ಮಣ್ಣಿನ ಗುಬ್ಬಿ ಮಾಡಿ ಹಾರಿಸುತ್ತಾನೆ. ಸಭೆ ಆ ಪುಸ್ತಕವನ್ನು ಸತ್ಯವೇದಕ್ಕೆ ಸೇರಿಸಲಿಲ್ಲ. ಮಣ್ಣಿನ ಹಕ್ಕಿಗೆ ಜೀವ ಬಂದ ಸಂಗತಿ ಕುರಾನಿನಲ್ಲಿದೆ.

ಇದೆಲ್ಲ ಬೈಬಲಿನಲ್ಲಿಲ್ಲ ಆಯಿ ಎಂದು ನಾನು ಒಮ್ಮೆ ಹೇಳಿದೆ. ಅವರು ಟಿವಿಯಿಂದ ಕಣ್ಣು ತೆಗೆಯದೆ ಅಂದದ್ದು ಇದು: “ಗೊತ್ತು ಸೂನಬಾಯಿ. ಹನ್ನೆರಡರಿಂದ ಮೂವತ್ತರವರೆಗೆ ಅವನು ಉಣ್ಣಲಿಲ್ಲವೇ, ಅವನಿಗೆ ಜ್ವರ ಬರಲಿಲ್ಲವೇ, ಮರಿಯ ರಾತ್ರಿ ಎದ್ದು ಕೂರಲಿಲ್ಲವೇ? ಲೂಕ ಗಂಡಸು. ಅವನು ಕೇಳಲಿಲ್ಲ, ಬರೆಯಲಿಲ್ಲ.” ನನಗೆ ಉತ್ತರ ಹೊಳೆಯಲಿಲ್ಲ, ಈಗಲೂ ಹೊಳೆದಿಲ್ಲ. ಆದರೆ ಕೆಲವು ತಿಂಗಳ ಮೇಲೆ ಅವರು ನೆರೆಮನೆಯ ಮೊಮ್ಮಗನಿಗೆ ಆ ಧಾರಾವಾಹಿಯ ಒಂದು ಘಟನೆಯನ್ನು ಸುವಾರ್ತೆಯೆಂದೇ ಹೇಳುತ್ತಿದ್ದರು. ದನಿಯಲ್ಲಿ ಸಂಶಯದ ಎಳೆ ಇರಲಿಲ್ಲ. ಬದಲಿ ರೂಪ ಬಂದು ನಿಂತದ್ದು ನನಗೆ ಅಲ್ಲಿ ಎಷ್ಟು ಸ್ಪಷ್ಟ ಕಂಡಿತೆಂದರೆ ಮೈ ಜುಮ್ಮೆಂದಿತು. ನನ್ನ ಕಣ್ಣಲ್ಲಿ ರೂಮಿಯ ಮುಖ ಕೂತು ಆಗಲೇ ಬಹಳ ದಿನವಾಗಿತ್ತು.

ನಮ್ಮ ಸಭೆಗಳ ವಿಶ್ವಾಸವೇ ಕವಿಗಳ ಕೈ ಹಿಡಿದು ಬಂದದ್ದು. ಗೋವೆಯಲ್ಲಿ ಇಂಗ್ಲಿಷ್ ಜೆಸ್ವಿಟ್ ಥಾಮಸ್ ಸ್ಟೀಫನ್ಸ್ 1616ರಲ್ಲಿ ಕ್ರಿಸ್ತಪುರಾಣವನ್ನು ಓವಿ ಛಂದಸ್ಸಿನಲ್ಲಿ ಬರೆದರು, ಪುರಾಣ ಕೇಳಿ ಬೆಳೆದ ಜನಕ್ಕೆ ಪುರಾಣವೇ ಬೇಕೆಂದು. ನಿಘಂಟಿನ ಕಿಟ್ಟೆಲ್ ನಮಗಾಗಿ 1862ರಲ್ಲಿ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಈ ನೆಲದ ಛಂದಸ್ಸಿನಲ್ಲಿ ಕಟ್ಟಿದರು. ಆದರೆ ನನಗೆ ಹತ್ತಿರದವರು ಲಕ್ಷ್ಮೀಬಾಯಿ ಟಿಳಕ. ನಾಸಿಕದ ಹತ್ತಿರದ ಜಲಾಲಪುರದಲ್ಲಿ 1868ರಲ್ಲಿ ಹುಟ್ಟಿದವರು. ಗಂಡ ನಾರಾಯಣ ವಾಮನ ಟಿಳಕರು 1895ರಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದಾಗ ಈಕೆಗೆ ಬಂದ ದುಃಖ, ಅವಮಾನ, ಆಮೇಲೆ ತಾನಾಗಿಯೇ ಅದೇ ದಾರಿಗೆ ಬಂದ ಬಗೆ ಎಲ್ಲ ಅವರ ‘ಸ್ಮೃತಿಚಿತ್ರೆ’ಯಲ್ಲಿದೆ. ಟಿಳಕರು ಕ್ರಿಸ್ತನ ಜೀವನವನ್ನು ‘ಖ್ರಿಸ್ತಾಯನ’ವೆಂಬ ಮಹಾಕಾವ್ಯವಾಗಿ ಬರೆಯತೊಡಗಿ ಮೊದಲ ಕೆಲವು ಅಧ್ಯಾಯಗಳಲ್ಲೇ ನಿಲ್ಲಿಸಿ 1919ರಲ್ಲಿ ತೀರಿಕೊಂಡರು. ಉಳಿದ ಬಹುಭಾಗ ಬರೆದವರು ಲಕ್ಷ್ಮೀಬಾಯಿ, ಶಾಲೆಯ ಮೆಟ್ಟಿಲು ಹತ್ತದ ಹೆಂಗಸು. ಕಾವ್ಯ ಅವರ ಮರಣಾನಂತರ 1938ರಲ್ಲಿ ಅಚ್ಚಾಯಿತು. ಸುವಾರ್ತೆಯ ನೂರಾರು ಜನರ ಬಾಯಿಗೆ ಮರಾಠಿ ಮಾತು ಬರುವಾಗ ಕೂಡಿಸಬಾರದೆಂಬ ಎಚ್ಚರಿಕೆ ಆಕೆಯ ಎದೆಯಲ್ಲಿ ಹೇಗೆ ಕೂತಿತ್ತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನನ್ನ ಛತ್ರದ ಹೆಂಗಸಿಗೆ ಧೈರ್ಯ ಬಂದದ್ದು ಅವರಿಂದ.

ನನ್ನ ನಾದಿನಿಗೆ ಚಿಕ್ಕಂದಿನ ಪೋಲಿಯೋದಿಂದ ಒಂದು ಕಾಲು ಸಣ್ಣಗಾಗಿದೆ. ಸ್ವಸ್ಥತೆಯ ಕೂಟಗಳಿಗೆ ಅವಳನ್ನು ಎಷ್ಟು ಜನ ಎಷ್ಟು ಸಲ ಎಳೆದುಕೊಂಡು ಹೋದರೋ. ತಲೆಯ ಮೇಲೆ ಕೈಯಿಟ್ಟು ಕೂಗಿ, ಕಡೆಗೆ ವಿಶ್ವಾಸ ಕಡಿಮೆ ಎಂದು ಅವಳ ಮೇಲೇ ಹೊರಿಸಿ ಕಳಿಸಿದರು. ಅವಳ ಜೊತೆ ಸಂಭಾಜಿನಗರದಲ್ಲಿ ಕೂತು ‘ದಿ ಚೋಸನ್’ನ ಮೂರನೆಯ ಸೀಸನ್ ನೋಡುತ್ತಿದ್ದೆ. ಅದರಲ್ಲಿ ಚಿಕ್ಕ ಯಾಕೋಬನಿಗೆ ಕಾಲು ಎಳೆದು ನಡೆಯುವ ನೋವಿದೆ. ಸುವಾರ್ತೆಯಲ್ಲಿ ಅವನ ಬಗ್ಗೆ ಇರುವುದು ಹೆಸರು ಮಾತ್ರ. ಪಾತ್ರ ಮಾಡಿದ ನಟ ಜೋರ್ಡನ್ ವಾಕರ್ ರಾಸ್‌ಗೆ ಸ್ವತಃ ಬೆನ್ನುಮೂಳೆ ಬಾಗಿದೆ, ಹಾಗಾಗಿ ಪಾತ್ರವೂ ಹಾಗಾಯಿತು. ಯೇಸು ಹನ್ನೆರಡು ಮಂದಿಯನ್ನು ರೋಗಿಗಳನ್ನು ವಾಸಿಮಾಡಲು ಕಳಿಸುವಾಗ ಅವನು ಬಂದು ಕೇಳುತ್ತಾನೆ: ನನ್ನನ್ನೇ ವಾಸಿಮಾಡದೆ ಬೇರೆಯವರನ್ನು ವಾಸಿಮಾಡಲು ಕಳಿಸುತ್ತೀಯಲ್ಲ. ಅದಕ್ಕೆ ಯೇಸು ಕೊಡುವ ಉತ್ತರ ದೀರ್ಘ, ಕರುಣೆಯದು, ಪೂರ್ತಿ ಬರಹಗಾರರದು. ನಾದಿನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಕೇಳಿದಳು: “ವಹಿನಿ, ಇದು ಯಾವ ಅಧ್ಯಾಯ?”

ಯಾವುದೂ ಅಲ್ಲ ಎಂದು ಹೇಳುವುದು ಆ ಕ್ಷಣದಲ್ಲಿ ನನಗೆ ತುಂಬ ಕಷ್ಟವಾಯಿತು. ಹೇಳಿದೆ. ಹೇಳಿ, ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಹನ್ನೆರಡನೆಯ ಅಧ್ಯಾಯ ತೆಗೆದು ಕೊಟ್ಟೆ. ಪೌಲನ ಶರೀರದಲ್ಲಿದ್ದ ಶೂಲ, ಅದು ಹೋಗಲೆಂದು ಅವನು ಮೂರು ಸಲ ಬೇಡಿದ್ದು, ಅದು ಹೋಗದೆ ಉಳಿದದ್ದು, ಕೃಪೆ ಸಾಕೆಂಬ ಉತ್ತರ ಬಂದದ್ದು. ಇಷ್ಟು ವರ್ಷ ಸ್ವಸ್ಥತೆಯ ಕೂಟಗಳಲ್ಲಿ ಯಾರೂ ಅವಳಿಗೆ ಆ ಪುಟ ತೆಗೆದು ತೋರಿಸಿರಲಿಲ್ಲ. ಅವಳು ಎರಡು ಸಲ ಓದಿದಳು. “ಇದು ಇತ್ತೇನು?” ಎಂದಳು. ಇಲ್ಲದ ದೃಶ್ಯ ಇದ್ದ ವಚನಕ್ಕೆ ಕರೆದುಕೊಂಡು ಹೋಯಿತು. ಅಂಥ ಕಲ್ಪನೆಯನ್ನು ಪಾಪವೆನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಈಗ ರಾಮಾಳ ಸಾವಿಗೆ ಬರಬೇಕು. ಸುತ್ತಿ ಬಳಸಿ ದೂರ ಇಟ್ಟದ್ದು ಇದನ್ನೇ.

ನನ್ನ ಅಕ್ಕ ಧಾರವಾಡದಲ್ಲಿ 2021ರ ಏಪ್ರಿಲಿನಲ್ಲಿ ಕೊರೋನಾದಿಂದ ತೀರಿಕೊಂಡಳು. ನಾಸಿಕದ ಒಂದು ಆಸ್ಪತ್ರೆಯಲ್ಲಿ ಆಮ್ಲಜನಕದ ಟ್ಯಾಂಕ್ ಸೋರಿ 22 ರೋಗಿಗಳು ಒಂದೇ ದಿನ ಸತ್ತ ತಿಂಗಳು ಅದು. ಊರಿಗೆ ಊರೇ ಉಸಿರು ಹಿಡಿದು ಕೂತಿತ್ತು. ನನಗೆ ಹೋಗಲು ಆಗಲಿಲ್ಲ. ಮಣ್ಣು ಮಾಡುವಾಗ ಅಯ್ಯನವರು ಓದಿದ ಲಾಜರನ ಅಧ್ಯಾಯವನ್ನು ಫೋನಿನಲ್ಲಿ ಕೇಳಿದೆ. ಯೇಸು ಅತ್ತದ್ದು, ಕಲ್ಲು ಉರುಳಿಸಿದ್ದು, ನಾಲ್ಕು ದಿನದ ಹೆಣ ಎದ್ದು ಬಂದದ್ದು. ಕೇಳುತ್ತ ನಾನು ಆಮೆನ್ ಅಂದೆ. ಅವನನ್ನು ಎಬ್ಬಿಸಿದೆ, ಇವಳನ್ನೇಕೆ ಎಬ್ಬಿಸಲಿಲ್ಲ ಎಂದು ನಾನು ಕೇಳಲಿಲ್ಲ. ಆಗಲೂ ಕೇಳಲಿಲ್ಲ, ಆಮೇಲೆ ಪ್ರಾರ್ಥನೆಯಲ್ಲೂ ಕೇಳಲಿಲ್ಲ. ಕೇಳಬಾರದೆಂದು ಯಾರೂ ಹೇಳಿರಲಿಲ್ಲ. ಕೇಳಿದರೆ ಏನಾದರೂ ಮುರಿದು ಹೋದೀತೆಂಬ ಭಯವಿತ್ತು. ಧಾರಾವಾಹಿಯಲ್ಲಿ ರಾಮಾ ಸತ್ತ ಕೆಲವು ಕಂತುಗಳ ನಂತರ ಲಾಜರ ಎದ್ದು ಬರುತ್ತಾನೆ. ಗುಂಪಿನ ನಡುವೆ ನಿಂತ ತೋಮನ ಮುಖದಲ್ಲಿ ನಾನು ಬಾಯಿಬಿಟ್ಟು ಕೇಳದ ಪ್ರಶ್ನೆ ಇತ್ತು. ನನ್ನೊಳಗೆ ಬೀಗ ಹಾಕಿಟ್ಟದ್ದನ್ನು ಪರದೇಶದ ಯಾರೋ ಬರಹಗಾರರು ನನ್ನ ಅಪ್ಪಣೆಯಿಲ್ಲದೆ ಹೊರಗೆ ತಂದು ಯೇಸುವಿನ ಎದುರು ನಿಲ್ಲಿಸಿದ್ದರು. ಪ್ರಕಟನೆಯ ಕೊನೆಯ ಅಧ್ಯಾಯದ ವಚನ ನನ್ನ ನಾಲಿಗೆಯ ಮೇಲೆ ಅಷ್ಟು ಬೇಗ ಬಂದದ್ದು ಅದಕ್ಕೆ. ಈಡನ್‌ಳ ದುಃಖ ನನ್ನ ದುಃಖವಾಗಿರಲಿಲ್ಲ. ಹಾಗಾಗಿ ಅವಳಿಗೆ ನಿಯಮ ಅಡ್ಡ ಬರಲಿಲ್ಲ.

ಇದು ತಿಳಿದ ಮೇಲೂ ನನ್ನ ಆಕ್ಷೇಪ ಕರಗಲಿಲ್ಲ ಎಂಬುದನ್ನೂ ಹೇಳಬೇಕು. ನೋವಿನಿಂದ ಹುಟ್ಟಿದ ಮಾತ್ರಕ್ಕೆ ವಾದ ಸುಳ್ಳಾಗುವುದಿಲ್ಲ. ಸುವಾರ್ತೆಗಳಲ್ಲಿ ಯೇಸುವಿನ ಎದುರಿಗೆ ಬಂದ ಸಾವುಗಳನ್ನು ನೋಡಿ. ಯಾಯೀರನ ಮಗಳು ಎದ್ದಳು. ನಾಯಿನೆಂಬ ಊರಿನ ವಿಧವೆಯ ಮಗನನ್ನು ಚಟ್ಟದ ಮೇಲಿಂದ ಎಬ್ಬಿಸಿದ, ಅದನ್ನು ಯಾರೂ ಬೇಡಿರಲಿಲ್ಲ. ಲಾಜರ ಎದ್ದ. ಅವನೆದುರು ಇಟ್ಟ ಹೆಣವೊಂದು ಹೆಣವಾಗಿಯೇ ಉಳಿಯಿತೆಂದು ನಾಲ್ವರಲ್ಲಿ ಯಾರೂ ಬರೆದಿಲ್ಲ. ರಾಮಾಳ ದೃಶ್ಯ ಬರಿಯ ಹುಡುಗಿಯೊಬ್ಬಳನ್ನು ಕೂಡಿಸಲಿಲ್ಲ. ಯೇಸುವಿನ ಒಂದು ನಿರಾಕರಣೆಯನ್ನು ಕೂಡಿಸಿತು. ಪೇತ್ರನ ಅಡಿಗೆಮನೆ, ಮತ್ತಾಯನ ನಡಿಗೆ, ಛತ್ರದವನ ಹೆಂಡತಿ, ಇವರೆಲ್ಲ ಸುವಾರ್ತೆಯ ಅಂಚಿನಲ್ಲಿ ಮೌನವಾಗಿ ನಿಂತವರು. ಅವರಿಗೆ ಮಾತು ಕೊಟ್ಟರೆ ನಡುವೆ ನಿಂತವನು ಬದಲಾಗುವುದಿಲ್ಲ. ಅವನ ಬಾಯಿಗೇ ಹೌದು ಅಲ್ಲಗಳನ್ನು ಹಾಕಿದಾಗ ಬದಲಾಗುತ್ತಾನೆ. ನನ್ನ ಗೆರೆ ಅಲ್ಲಿದೆ. ಅದೇ ಗೆರೆಯಿಂದ ಅಳೆದರೆ ಚಿಕ್ಕ ಯಾಕೋಬನಿಗೆ ಸಿಕ್ಕ ಉತ್ತರವೂ ಹೊರಗೇ ಬೀಳುತ್ತದೆ, ಅದು ನನಗೆ ಗೊತ್ತಿದೆ. ಆದರೂ ನಾದಿನಿಯ ಎದುರು ಆ ಗೆರೆ ಎಳೆಯಲು ನನಗೆ ಆಗುವುದಿಲ್ಲ.

ಇನ್ನೊಂದು ಕಡೆ ನಾವು ಗೆರೆ ಎಳೆಯಲೇ ಇಲ್ಲ. ಮೆಲ್ ಗಿಬ್ಸನ್‌ನ ‘ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್’ 2004ರಲ್ಲಿ ಬಂದ ಮೇಲೆ ಶುಭಶುಕ್ರವಾರಗಳಲ್ಲಿ ಎಷ್ಟು ಸಭೆಗಳು ಅದನ್ನು ತೋರಿಸಿದವೋ. ಅದರ ಹಲವು ದೃಶ್ಯಗಳು ಆನ್ ಕ್ಯಾಥರೀನ್ ಎಮೆರಿಕ್ ಎಂಬ ಜರ್ಮನ್ ಸನ್ಯಾಸಿನಿಯ ದರ್ಶನಗಳಿಂದ ಬಂದವು, ಸುವಾರ್ತೆಯಿಂದ ಅಲ್ಲ. ಯೆಹೂದ್ಯರನ್ನು ಕಾಣಿಸಿದ ರೀತಿಯ ಬಗ್ಗೆ ಲೋಕದಲ್ಲಿ ದೊಡ್ಡ ಚರ್ಚೆಯಾಯಿತು. ಜರ್ಮನಿಯ ಓಬರಾಮರ್ಗೌ ಹಳ್ಳಿಯಲ್ಲಿ 1634ರಿಂದ ಯಾತನೆಯ ನಾಟಕ ಆಡುತ್ತಾರೆ. 1934ರಲ್ಲಿ ಹಿಟ್ಲರ್ ಅದನ್ನು ನೋಡಲು ಹೋಗಿದ್ದ. ಯೆಹೂದ್ಯರ ಮೇಲೆ ದ್ವೇಷ ಹುಟ್ಟಿಸುವ ಭಾಗಗಳನ್ನು ಆ ಹಳ್ಳಿಯವರು ಈಚಿನ ದಶಕಗಳಲ್ಲಿ ತಿದ್ದಿದ್ದಾರೆ. ನಮ್ಮ ಕೂಟದಲ್ಲಿ ಗಿಬ್ಸನ್‌ನ ಚಿತ್ರಕ್ಕೆ ಯಾರೂ ವಚನ ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ; ಅತ್ತು ಎದ್ದು ಬಂದೆ. ಬದುಕಿರುವ ಜನರ ಮೇಲೆ ಕೈಯೆತ್ತಿಸುವ ಕಲ್ಪನೆಗಿಂತ ಪೇತ್ರನ ಹೆಂಡತಿಯ ಹೆಸರು ದೊಡ್ಡ ಅಪರಾಧವಾಗಿ ನಮಗೆ ಕಾಣುವುದಾದರೆ ನಮ್ಮ ತಕ್ಕಡಿಯನ್ನೇ ನೋಡಿಕೊಳ್ಳಬೇಕು.

ಹಾಗೆಯೇ ಬಣ್ಣ. 1977ರ ‘ಜೀಸಸ್ ಆಫ್ ನಜರೆತ್’ನ ರಾಬರ್ಟ್ ಪೋವೆಲ್‌ಗೆ ನೀಲಿ ಕಣ್ಣು. 1978ರ ತೆಲುಗು ‘ಕರುಣಾಮಯುಡು’, ಹಿಂದಿಯಲ್ಲಿ ‘ದಯಾಸಾಗರ’ವಾಗಿ ಹಳ್ಳಿಹಳ್ಳಿಗೆ ಪ್ರೊಜೆಕ್ಟರಿನಲ್ಲಿ ಹೋದ ಚಿತ್ರ, ಅದರ ವಿಜಯಚಂದರ್ ಕೂಡ ಬೆಳ್ಳಗೇ. ಮರಾಠವಾಡದ ನಮ್ಮ ಸಭೆಗಳಲ್ಲಿ ಕೂರುವವರಲ್ಲಿ ಬಹಳ ಮಂದಿಯ ಅಜ್ಜ ಅಜ್ಜಿಯರನ್ನು ಊರ ಬಾವಿಯಿಂದ ದೂರ ಇಟ್ಟಿದ್ದರು. ಅವರ ಮನೆಯ ಗೋಡೆಯ ಮೇಲೆ ಕೆಂಚುಗೂದಲಿನ ಯೇಸು. ಗಲಿಲಾಯದ ಬಡಗಿಗೆ ಆ ಮೈಬಣ್ಣ ಕೊಟ್ಟದ್ದು ಎಲ್ಲ ಸ್ವಾತಂತ್ರ್ಯಗಳಿಗಿಂತ ದೊಡ್ಡ ಸ್ವಾತಂತ್ರ್ಯ. ಅದಕ್ಕೆ ಯಾರೂ ಸೂಚನಾಫಲಕ ಹಾಕಲಿಲ್ಲ. ‘ದಿ ಚೋಸನ್’ನವರು ಮೊದಲ ಕಂತಿಗೆ ಮುಂಚೆಯೇ ಇಲ್ಲಿ ಕಲ್ಪಿಸಿದ್ದು ಇದೆ, ಸುವಾರ್ತೆಗಳನ್ನು ಓದಿಕೊಳ್ಳಿ ಎಂದು ಬರೆದು ತೋರಿಸಿದರು, ಅಷ್ಟರ ಮಟ್ಟಿಗೆ ಅವರು ನಮಗಿಂತ ಪ್ರಾಮಾಣಿಕರು. ಅದರಲ್ಲಿ ಮತ್ತಾಯನಾದ ಪಾರಸ್ ಪಟೇಲ್ ಭಾರತೀಯ ಮೂಲದವನು. ನಾದಿನಿಗೆ ಅವನನ್ನು ಕಂಡಾಗ ಆದ ಸಂತೋಷ ನನಗೆ ಮೊದಲು ಅರ್ಥವಾಗಿರಲಿಲ್ಲ. “ಒಬ್ಬನಾದರೂ ನಮ್ಮ ಹಾಗಿದ್ದಾನಲ್ಲ ವಹಿನಿ” ಅಂದಿದ್ದಳು.

ಈ ಸಲದ ಕ್ರಿಸ್ಮಸ್ ನಾಟಕದಲ್ಲಿ ಛತ್ರದ ಹೆಂಗಸು ಇದ್ದೇ ಇರುತ್ತಾಳೆ. ಪರದೆ ಬಿದ್ದ ಮೇಲೆ ಮಕ್ಕಳಿಂದಲೇ ಲೂಕನ ಎರಡನೆಯ ಅಧ್ಯಾಯ ಗಟ್ಟಿಯಾಗಿ ಓದಿಸುತ್ತೇನೆ, ಅವಳು ಅಲ್ಲಿಲ್ಲ ಎಂಬುದು ಅವರಿಗೇ ಕಾಣಲಿ. ಧಾರಾವಾಹಿಯ ಆರನೆಯ ಸೀಸನ್ ಶಿಲುಬೆಯ ದಿನದ್ದು. ಸಂಭಾಜಿನಗರಕ್ಕೆ ಬಾ, ಒಟ್ಟಿಗೆ ನೋಡೋಣ ಎಂದು ನಾದಿನಿ ಈಗಿಂದಲೇ ಹೇಳುತ್ತಿದ್ದಾಳೆ. ನೋಡುವ ಮೊದಲು ನಾಲ್ಕೂ ಸುವಾರ್ತೆಗಳ ಆ ಅಧ್ಯಾಯಗಳನ್ನು ಕೂತು ಓದೋಣ ಎಂದು ನಾನು ಷರತ್ತು ಹಾಕಿದ್ದೇನೆ. ಅವಳೂ ಒಂದು ಷರತ್ತು ಹಾಕಿದ್ದಾಳೆ. ಅಕ್ಕನ ವಿಷಯವನ್ನು ನಾನು ಅಷ್ಟರೊಳಗೆ ಯೇಸುವನ್ನೇ ಕೇಳಿರಬೇಕಂತೆ, ತೋಮನ ಕೈಯಲ್ಲಿ ಕೇಳಿಸದೆ.